ಸ್ಕ್ರಾಮ್‌ಜೆಟ್: ಬಿರುಗಾಳಿಯಲ್ಲಿ ಉರಿಯುವ ಎಂಜಿನ್

ಉಪಗ್ರಹವನ್ನು ಹೊತ್ತು ಮೇಲೇರುವ ರಾಕೆಟ್ ಇಂಧನವನ್ನಷ್ಟೇ ಅಲ್ಲ, ಅದನ್ನು ಉರಿಸಲು ಬೇಕಾದ ಆಕ್ಸಿಜನ್ನನ್ನೂ ಒಯ್ಯಬೇಕು. 1 ಕಿಲೋಗ್ರಾಂ ಹೈಡ್ರೊಜನ್ ಪೂರ್ಣವಾಗಿ ಉರಿಯಲು 8 ಕಿಲೋಗ್ರಾಂ ಆಕ್ಸಿಜನ್ ಬೇಕು. ವಾತಾವರಣದೊಳಗೆ ಇರುವಷ್ಟು ಹೊತ್ತು ಸುತ್ತಲಿನ ಗಾಳಿಯನ್ನೇ ಬಳಸಿದರೆ ಈ ಹೊರೆ ತಗ್ಗುವುದಲ್ಲವೆ?

ಸಾಮಾನ್ಯ ಜೆಟ್ ಎಂಜಿನ್ನಿನಲ್ಲಿ ತಿರುಗುವ ಅಲಗುಗಳು ಗಾಳಿಯನ್ನು ಒತ್ತುತ್ತವೆ. ಶಬ್ದದ ಮೂರು ಪಟ್ಟು ವೇಗದಲ್ಲಿ, ಅಂದರೆ ಮ್ಯಾಕ್ 3ರಲ್ಲಿ, ಅಲಗುಗಳೇ ಬೇಕಿಲ್ಲ. ನುಗ್ಗಿ ಬರುವ ಗಾಳಿ ತನ್ನ ವೇಗದಿಂದಲೇ ಸಂಪೀಡನಗೊಳ್ಳುತ್ತದೆ. ಇದು ರಾಮ್‌ಜೆಟ್. ಇದರಲ್ಲಿ ಗಾಳಿಯನ್ನು ಶಬ್ದವೇಗಕ್ಕಿಂತ ನಿಧಾನಗೊಳಿಸಿ ಇಂಧನವನ್ನು ಉರಿಸುತ್ತಾರೆ.

ಮ್ಯಾಕ್ 5ನ್ನು ಮೀರಿದ ಹೈಪರ್‌ಸಾನಿಕ್ ವೇಗದಲ್ಲಿ ಈ ಉಪಾಯ ಸೋಲತೊಡಗುತ್ತದೆ. ಏಕೆ? ಗಾಳಿಯನ್ನು ತಡೆದಾಗ ಅದರ ಚಲನಶಕ್ತಿ ಉಷ್ಣವಾಗುತ್ತದೆ. 20 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಉಷ್ಣತೆ ಸುಮಾರು 217 ಕೆಲ್ವಿನ್. ಇದನ್ನು (1 + 0.2 × ಮ್ಯಾಕ್ ಸಂಖ್ಯೆಯ ವರ್ಗ) ಎಂಬುದರಿಂದ ಗುಣಿಸಿ. ಪೂರ್ತಿ ತಡೆದ ಗಾಳಿಯ ಅಂದಾಜು ಉಷ್ಣತೆ ದೊರೆಯುತ್ತದೆ. ಮ್ಯಾಕ್ 3ಕ್ಕೆ ಅದು 608 ಕೆಲ್ವಿನ್. ಮ್ಯಾಕ್ 6ಕ್ಕೆ 1,780 ಕೆಲ್ವಿನ್! ಇಂಥ ಗಾಳಿಯಲ್ಲಿ ಇಂಧನ ಉರಿಸಿದರೂ ಲಾಭ ಕಡಿಮೆ. ವೇಗ ಇನ್ನೂ ಏರಿದರೆ ಅಣುಗಳೇ ಒಡೆದು ಶಕ್ತಿಯನ್ನು ಹೀರುತ್ತವೆ.

ಪರಿಹಾರವೆಂದರೆ ಗಾಳಿಯನ್ನು ಅಷ್ಟೊಂದು ತಡೆಯದಿರುವುದು. ಸ್ಕ್ರಾಮ್‌ಜೆಟ್ಟಿನಲ್ಲಿ ದಹನಕೋಶದೊಳಗೂ ಗಾಳಿ ಶಬ್ದಾತೀತ ವೇಗದಲ್ಲೇ ಹರಿಯುತ್ತದೆ. ಮ್ಯಾಕ್ 6ರ ಗಾಳಿಯನ್ನು ಒಳಗೆ ಮ್ಯಾಕ್ 2ಕ್ಕೆ ಇಳಿಸಿದರೆ ಉಷ್ಣತೆ ಸುಮಾರು 990 ಕೆಲ್ವಿನ್. ಹೈಡ್ರೊಜನ್ ಹೊತ್ತಿಕೊಳ್ಳಲು ಇಷ್ಟು ಸಾಕು. ಆದರೆ ವೇಗ ಸೆಕೆಂಡಿಗೆ ಸುಮಾರು 1,260 ಮೀಟರ್. ಒಂದು ಮೀಟರ್ ಉದ್ದದ ಕೋಶವನ್ನು ಗಾಳಿ ದಾಟಲು ಒಂದು ಮಿಲಿಸೆಕೆಂಡೂ ಬೇಡ. ಅಷ್ಟರಲ್ಲಿ ಇಂಧನ ಬೆರೆಯಬೇಕು, ಹೊತ್ತಬೇಕು, ಉರಿಯಬೇಕು. ಚಂಡಮಾರುತದಲ್ಲಿ ಬೆಂಕಿಕಡ್ಡಿ ಗೀರಿ ಆರದಂತೆ ಕಾಯ್ದ ಹಾಗೆ!

ಇನ್ನೊಂದು ಮಿತಿಯೂ ಇದೆ. ನಿಂತಲ್ಲಿಂದ ಸ್ಕ್ರಾಮ್‌ಜೆಟ್ ಚಾಲೂ ಆಗದು. ರಾಕೆಟ್ಟೊಂದು ಮೊದಲು ವೇಗ ಕೊಡಬೇಕು. 2004ರಲ್ಲಿ ಅಮೆರಿಕದ ನಾಸಾದ ಎಕ್ಸ್-43ಎ ಹೀಗೆಯೇ ಹಾರಿ ಮ್ಯಾಕ್ 9.6ನ್ನು ಮುಟ್ಟಿತು, ಎಂಜಿನ್ ಉರಿದದ್ದು ಹತ್ತೇ ಸೆಕೆಂಡು. 2016ರ ಆಗಸ್ಟ್ 28ರಂದು ಶ್ರೀಹರಿಕೋಟದಿಂದ ಇಸ್ರೋ ಹಾರಿಸಿದ ಎರಡು ಎಂಜಿನ್‌ಗಳು ಮ್ಯಾಕ್ 6ರಲ್ಲಿ 5 ಸೆಕೆಂಡು ಉರಿದವು. 2020ರ ಸೆಪ್ಟೆಂಬರ್ 7ರಂದು ಡಿಆರ್‌ಡಿಒ ಹಾರಾಟದಲ್ಲಿ ಅದು 20 ಸೆಕೆಂಡನ್ನು ಮೀರಿತು. 2025ರ ಏಪ್ರಿಲ್‌ನಲ್ಲಿ ಹೈದರಾಬಾದಿನ ನೆಲಪರೀಕ್ಷೆಯೊಂದರಲ್ಲಿ ತಂಪುಗೊಳಿಸಿದ ದಹನಕೋಶ ಸಾವಿರ ಸೆಕೆಂಡಿಗೂ ಹೆಚ್ಚು ಕಾಲ ಉರಿಯಿತು.

ಸೆಕೆಂಡುಗಳ ಈ ಲೆಕ್ಕ ಏಕೆ ಮುಖ್ಯವೆಂಬುದು ಈಗ ನಿಮಗೆ ತಿಳಿದಿರಬೇಕು. ಮ್ಯಾಕ್ 8ಕ್ಕೂ ಉಷ್ಣತೆಯನ್ನು ಗುಣಿಸಿ ನೋಡಿ: ಎಂಜಿನ್ನಿನ ಗೋಡೆಗಳು ಏನನ್ನು ತಾಳಬೇಕೆಂಬುದು ಸ್ಪಷ್ಟವಾಗುತ್ತದೆ.