ತವರಿನಿಂದ ಹೊರಡುವ ಮುನ್ನ: ಬಾಣಂತಿಗೆ ಯಾವ ಗುಳಿಗೆ?

ದೇವದುರ್ಗದಲ್ಲೋ ಮಾನ್ವಿಯಲ್ಲೋ ಇರುವ ಒಂದು ತವರುಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಚೊಚ್ಚಲ ಬಾಣಂತನಕ್ಕೆ ಬಂದ ಹಿರಿಯ ಮಗಳು ಒಳಕೋಣೆಯಲ್ಲಿ ಕೂಸಿಗೆ ಹಾಲೂಡಿಸುತ್ತಿದ್ದಾಳೆ. ಪಡಸಾಲೆಯಲ್ಲಿ ದ್ವಿತೀಯ ಪಿಯುಸಿ ಓದುವ ತಂಗಿ ಪರೀಕ್ಷೆಗೆ ಸಿದ್ಧತೆ ನಡೆಸಿದ್ದಾಳೆ. ಅವಳ ಜೀವಶಾಸ್ತ್ರದ ಪುಸ್ತಕದಲ್ಲಿ ಸಂತಾನೋತ್ಪತ್ತಿ ಆರೋಗ್ಯದ ಬಗ್ಗೆ ಒಂದು ಅಧ್ಯಾಯವೇ ಇದೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ರೂಪಿಸಿದ ‘ಸಹೇಲಿ’ ಎಂಬ ಮಾತ್ರೆಯ ಹೆಸರು ಅದರಲ್ಲಿದೆ. ತಂಗಿ ಅದನ್ನು ಅಂಕಕ್ಕಾಗಿ ಬಾಯಿಪಾಠ ಮಾಡುತ್ತಾಳೆ. ಅದರ ಅಗತ್ಯ ನಿಜಕ್ಕೂ ಇರುವ ಅಕ್ಕನಿಗೆ ಮಾತ್ರ ಆ ಹೆಸರನ್ನು ಯಾರೂ ಹೇಳಿರುವುದಿಲ್ಲ.

ಮೂರು ತಿಂಗಳಿಗೋ ಐದು ತಿಂಗಳಿಗೋ ಮಗಳನ್ನು ಗಂಡನ ಮನೆಗೆ ಕಳಿಸುವ ದಿನ ಬರುತ್ತದೆ. ತೊಟ್ಟಿಲು, ಕೂಸಿನ ಕುಲಾವಿ, ಅಂಟಿನುಂಡೆ, ಸೀರೆ, ಕುಪ್ಪಸ ಎಲ್ಲವನ್ನೂ ತಾಯಿ ನೆನಪಿಟ್ಟು ಕಟ್ಟಿಕೊಡುತ್ತಾಳೆ. ಮುಂದಿನ ಬಸಿರು ಯಾವಾಗ, ಅಲ್ಲಿಯವರೆಗೆ ಏನು ಉಪಾಯ ಎಂಬ ಮಾತು ಮಾತ್ರ ಯಾರ ಬಾಯಿಂದಲೂ ಬರುವುದಿಲ್ಲ. ಯಾರಾದರೂ ಕೇಳಿದರೂ “ಇನ್ನೂ ಹೊರಗಾಗಿಲ್ಲಲ್ಲ, ಈಗ್ಯಾಕ ಗುಳಿಗಿ?” ಎಂಬ ಉತ್ತರ ಸಿದ್ಧವಾಗಿರುತ್ತದೆ.

ಅನರ್ಥಕ್ಕೆ ದಾರಿ ಮಾಡುವುದು ಈ ಉತ್ತರವೇ.

ಮುಟ್ಟಿಗಿಂತ ಮೊದಲೇ ಅಂಡಾಣು

ಹೆರಿಗೆಯ ನಂತರ ಮುಟ್ಟು ಮರಳುವುದಕ್ಕೆ ಸುಮಾರು ಎರಡು ವಾರ ಮುಂಚೆಯೇ ಅಂಡಾಣು ಬಿಡುಗಡೆಯಾಗಬಹುದು. ಆಗ ಗಂಡ ಹೆಂಡತಿ ಕೂಡಿದ್ದರೆ ಒಮ್ಮೆಯೂ ಮುಟ್ಟಾಗದೆ ಬಸಿರು ನಿಲ್ಲುತ್ತದೆ. ಎದೆಹಾಲು ಕುಡಿಸದ ತಾಯಿಯಲ್ಲಿ ಹೆರಿಗೆಯಾದ ನಾಲ್ಕು ವಾರದೊಳಗೇ ಇದು ಸಾಧ್ಯ.

“ಹಾಲು ಕುಡಿಸುವಾಗ ಬಸಿರಾಗುವುದಿಲ್ಲ” ಎಂಬ ಹಿರಿಯರ ನಂಬಿಕೆ ಪೂರ್ತಿ ಸುಳ್ಳೇನಲ್ಲ. ಆದರೆ ಅದಕ್ಕೆ ಮೂರು ಷರತ್ತುಗಳಿವೆ. ಕೂಸಿಗೆ ಆರು ತಿಂಗಳು ತುಂಬಿರಬಾರದು. ಹಗಲೂ ರಾತ್ರಿ ಎದೆಹಾಲನ್ನೇ ಕುಡಿಸುತ್ತಿರಬೇಕು, ಬೇರೆ ಹಾಲಾಗಲಿ ನೀರಾಗಲಿ ಕೊಡುತ್ತಿರಬಾರದು. ತಾಯಿಗೆ ಮುಟ್ಟು ಮರಳಿರಬಾರದು. ಮೂರೂ ಸರಿಯಾಗಿದ್ದರೆ ನೂರರಲ್ಲಿ 98 ಪಾಲು ರಕ್ಷಣೆ ಇದೆ ಎನ್ನುತ್ತದೆ ವೈದ್ಯಶಾಸ್ತ್ರ. ಹೊಲದ ಕೆಲಸಕ್ಕೆ ಹೋಗುವಾಗ ಕೂಸನ್ನು ಅಜ್ಜಿಯ ಬಳಿ ಬಿಟ್ಟು ಬಾಟಲಿ ಹಾಲು ಶುರು ಮಾಡಿದರೆ ಈ ರಕ್ಷಣೆಯ ಭರವಸೆ ಇಲ್ಲ.

ಹೆರಿಗೆಯ ನಂತರ ಮುಂದಿನ ಬಸಿರಿಗೆ ಕನಿಷ್ಠ ಎರಡು ವರ್ಷ ಬಿಡುವಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬೇಗ ಬೇಗ ಬಸಿರಾದರೆ ತಾಯಿಯ ರಕ್ತಹೀನತೆ ಹೆಚ್ಚುತ್ತದೆ, ಮುಂದಿನ ಕೂಸು ದಿನ ತುಂಬುವ ಮೊದಲೇ, ಕಡಿಮೆ ತೂಕದಲ್ಲಿ ಹುಟ್ಟುವ ಸಂಭವವೂ ಹೆಚ್ಚು. ಓದು ಅರ್ಧಕ್ಕೆ ನಿಲ್ಲಿಸಿ ಮದುವೆಯಾದ ಹುಡುಗಿ ಮತ್ತೆ ಕಾಲೇಜಿನ ಮೆಟ್ಟಿಲು ಹತ್ತಬೇಕೆಂದರೆ ಸಿಗುವ ಸಮಯವೂ ಈ ಬಿಡುವೇ.

ಮೂರು ಬಗೆಯ ಗುಳಿಗೆ

“ಗುಳಿಗೆ ಅಂದರೆ ಎಲ್ಲವೂ ಒಂದೇ” ಎಂದು ತಿಳಿದು ಔಷಧ ಅಂಗಡಿಯಲ್ಲಿ ಕೈಗೆ ಸಿಕ್ಕ ಹಾಳೆಯನ್ನು ತರುವವರುಂಟು. ನೆರೆಮನೆಯವಳು ನುಂಗುವುದನ್ನೇ ನುಂಗುವವರೂ ಉಂಟು. ಬಾಣಂತಿಯ ವಿಷಯದಲ್ಲಿ ಇದು ಸಲ್ಲದು. ಕೂಸಿಗೆ ಎದೆಹಾಲು ಕುಡಿಸುತ್ತಿದ್ದಾಳೆಯೇ, ಹೆರಿಗೆಯಾಗಿ ಎಷ್ಟು ದಿನವಾಯಿತು ಎಂಬ ಎರಡು ಪ್ರಶ್ನೆಗಳ ಮೇಲೆ ಗುಳಿಗೆಯ ಆಯ್ಕೆ ನಿಂತಿದೆ.

ಮೊದಲನೆಯದು ಎಲ್ಲರಿಗೂ ಪರಿಚಿತವಾದ ‘ಮಾಲಾ-ಎನ್’. ಇದರಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನುಗಳಿವೆ. ಒಂದು ಹಾಳೆಯಲ್ಲಿ 28 ಮಾತ್ರೆಗಳು. 21 ಹಾರ್ಮೋನಿನವು, ಉಳಿದ 7 ಕಬ್ಬಿಣಾಂಶದವು. ದಿನಕ್ಕೊಂದರಂತೆ ತಪ್ಪದೆ ನುಂಗಬೇಕು. ಒಳ್ಳೆಯ ಗುಳಿಗೆಯೇ, ಆದರೆ ಹಸಿ ಬಾಣಂತಿಗಲ್ಲ. ಈಸ್ಟ್ರೋಜನ್ ಎದೆಹಾಲನ್ನು ಕಡಿಮೆ ಮಾಡಬಹುದು. ಹೆರಿಗೆಯ ನಂತರದ ಮೊದಲ ವಾರಗಳಲ್ಲಿ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸಹಜವಾಗಿಯೇ ಹೆಚ್ಚಿರುತ್ತದೆ, ಈ ಗುಳಿಗೆ ಅದನ್ನು ಇನ್ನಷ್ಟು ಏರಿಸುತ್ತದೆ. ಆದ್ದರಿಂದ ಹಾಲೂಡಿಸುವ ತಾಯಿ ಕೂಸಿಗೆ ಆರು ತಿಂಗಳಾಗುವವರೆಗೆ ಇದನ್ನು ಮುಟ್ಟದಿರುವುದು ಲೇಸು. ಹಾಲೂಡಿಸದವರೂ ಕನಿಷ್ಠ ಮೂರು ವಾರ ಕಾಯಬೇಕು. ಸಿಸೇರಿಯನ್, ಸ್ಥೂಲಕಾಯ ಮುಂತಾದ ಕಾರಣಗಳಿದ್ದರೆ ವೈದ್ಯರು ಆರು ವಾರ ಕಾಯಲು ಹೇಳುತ್ತಾರೆ.

ಎರಡನೆಯದು ಪ್ರೊಜೆಸ್ಟಿನ್ ಒಂದನ್ನೇ ಒಳಗೊಂಡ ಗುಳಿಗೆ. ಈಸ್ಟ್ರೋಜನ್ ಇಲ್ಲದ್ದರಿಂದ ಹಾಲಿಗೆ ತೊಂದರೆ ಇಲ್ಲ, ಹಾಲೂಡಿಸುವ ತಾಯಂದಿರಿಗೆ ಹೊಂದುತ್ತದೆ. ಆದರೆ ಇದನ್ನು ದಿನವೂ ಒಂದೇ ಹೊತ್ತಿಗೆ ನುಂಗುವ ಶಿಸ್ತು ಬೇಕು. ಮುಟ್ಟು ಏರುಪೇರಾಗುವುದು, ಆಗಾಗ ಸ್ವಲ್ಪ ರಕ್ತ ಕಾಣಿಸುವುದು ಉಂಟು.

ಮೂರನೆಯದು, ಪಿಯುಸಿ ತಂಗಿಯ ಪುಸ್ತಕದಲ್ಲಿರುವ ‘ಸಹೇಲಿ’. ಮಾರುಕಟ್ಟೆಗೆ ಬಂದದ್ದು 1991ರಲ್ಲಿ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದೇ ಔಷಧ ‘ಛಾಯಾ’ ಎಂಬ ಹೆಸರಿನಲ್ಲಿ ಉಚಿತವಾಗಿ ದೊರೆಯುತ್ತದೆ. ಇದು ಹಾರ್ಮೋನ್ ಅಲ್ಲ. ಗರ್ಭಕೋಶದಲ್ಲಿ ಈಸ್ಟ್ರೋಜನ್ನಿನ ಕೆಲಸವನ್ನು ತಡೆದು ಗರ್ಭ ನಾಟದಂತೆ ಮಾಡುತ್ತದೆ. ಎದೆಹಾಲು ಕುಡಿಸುವವರೂ ಬಳಸಬಹುದು.

ವಾರಕ್ಕೊಮ್ಮೆಯ ಗುಳಿಗೆ ಎಂದೇ ಇದು ಹೆಸರುವಾಸಿ. ವಿದ್ಯಾರ್ಥಿಗಳು ಮನೆಯವರಿಗೆ ತಿಳಿಹೇಳುವಾಗ ಒಂದು ಮಾತು ಸೇರಿಸಬೇಕು: ಮೊದಲ ಮೂರು ತಿಂಗಳು ವಾರಕ್ಕೆ ಎರಡು ಸಲ, ಆನಂತರವಷ್ಟೇ ವಾರಕ್ಕೆ ಒಂದು ಸಲ. ಮೊದಲ ಗುಳಿಗೆ ಭಾನುವಾರವಾದರೆ ಎರಡನೆಯದು ಬುಧವಾರ. ನಾಲ್ಕನೇ ತಿಂಗಳಿನಿಂದ ಭಾನುವಾರ ಮಾತ್ರ. ಇದರಿಂದ ಮುಟ್ಟು ತಡವಾಗಿ ಬರುವುದು ಸಾಮಾನ್ಯ. ಹದಿನೈದು ದಿನಕ್ಕಿಂತ ಹೆಚ್ಚು ತಡವಾದರೆ ಬಸಿರಿನ ಪರೀಕ್ಷೆ ಮಾಡಿಸಬೇಕು. ಅಂಡಾಶಯದಲ್ಲಿ ನೀರುಗುಳ್ಳೆಯ ತೊಂದರೆ ಇರುವವರಿಗೆ, ಇತ್ತೀಚೆಗೆ ಕಾಮಾಲೆಯಾದವರಿಗೆ, ಯಕೃತ್ತು ಅಥವಾ ಮೂತ್ರಪಿಂಡದ ಕಾಯಿಲೆ ಇರುವವರಿಗೆ ಈ ಗುಳಿಗೆ ಬೇಡ.

ವೈದ್ಯರಿಗೆ ಏನು ಹೇಳಬೇಕು?

ಗುಳಿಗೆ ಬರೆಸಿಕೊಳ್ಳಲು ಹೋಗುವಾಗ ತಾಯಿ ಕಾರ್ಡನ್ನು ಮರೆಯದೆ ಒಯ್ಯಬೇಕು. ಬಸಿರಿನಲ್ಲಿ ರಕ್ತದೊತ್ತಡ ಏರಿತ್ತೇ, ಕಾಲಿನ ಮೀನಖಂಡ ಎಂದಾದರೂ ಬಾತು ನೋವಾಗಿತ್ತೇ, ಕಣ್ಣು ಮಂಜಾಗುವಂಥ ಅರೆತಲೆನೋವು ಇದೆಯೇ ಎಂಬುದನ್ನು ಮುಚ್ಚಿಡಬಾರದು. ಕ್ಷಯಕ್ಕೆ ಅಥವಾ ಮೂರ್ಛೆರೋಗಕ್ಕೆ ಔಷಧ ನಡೆಯುತ್ತಿದ್ದರೆ ಅದನ್ನೂ ಹೇಳಬೇಕು. ಅಂಥ ಕೆಲವು ಔಷಧಗಳು ಹಾರ್ಮೋನ್ ಗುಳಿಗೆಯ ಬಲವನ್ನು ಕುಗ್ಗಿಸುತ್ತವೆ. ಗುಳಿಗೆ ಆರಂಭಿಸಿದ ಮೇಲೆ ಎದೆನೋವು, ಉಸಿರಾಟದ ತೊಂದರೆ, ಒಂದೇ ಕಾಲಿನ ಬಾವು, ತೀವ್ರ ತಲೆನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮಾಲಾ-ಎನ್ ಒಂದು ದಿನ ಮರೆತರೆ ನೆನಪಾದ ಕೂಡಲೇ ನುಂಗಿ ಎಂದಿನಂತೆ ಮುಂದುವರಿಸಬಹುದು. ಎರಡು ಅಥವಾ ಹೆಚ್ಚು ದಿನ ತಪ್ಪಿದರೆ ಮುಂದಿನ ಏಳು ದಿನ ಕಾಂಡೋಮ್ ಕೂಡ ಬೇಕು. ಛಾಯಾ ತಪ್ಪಿದರೆ ನೆನಪಾದಾಗ ನುಂಗಿ, ಮುಂದಿನ ಮುಟ್ಟಿನವರೆಗೆ ಕಾಂಡೋಮ್ ಬಳಸಬೇಕು. ಏಳು ದಿನ ಮೀರಿದರೆ ವಾರಕ್ಕೆರಡರ ಲೆಕ್ಕವನ್ನು ಮೊದಲಿನಿಂದ ಹಿಡಿಯಬೇಕು.

ಗುಳೆ ಹೊರಟವರ ಗುಳಿಗೆ

ರಾಯಚೂರು ಜಿಲ್ಲೆಯಲ್ಲಿ ಇನ್ನೊಂದು ತೊಡಕಿದೆ. ದೇವದುರ್ಗದ ಬದಿಗೆ ಕೃಷ್ಣೆ, ಮಾನ್ವಿಯ ಬದಿಗೆ ತುಂಗಭದ್ರೆ ಹರಿದರೂ ಕಾಲುವೆ ನೀರು ಮುಟ್ಟದ ಹಳ್ಳಿಗಳ ಜನ ಕೂಲಿ ಹುಡುಕಿ ಬೆಂಗಳೂರು, ಪುಣೆಗಳಿಗೆ ಗುಳೆ ಹೋಗುತ್ತಾರೆ. ಕೂಸು ಕಂಕುಳಲ್ಲಿರುವ ಬಾಣಂತಿಯೂ ಹೊರಡುತ್ತಾಳೆ. ಊರಿನ ಆಶಾ ಕಾರ್ಯಕರ್ತೆ ಊರಿನಲ್ಲೇ ಉಳಿಯುತ್ತಾಳೆ, ಗುಳಿಗೆ ನಡುವೆಯೇ ಮುಗಿಯುತ್ತದೆ. ಹೊರಡುವ ಮುನ್ನ ಕೆಲವು ತಿಂಗಳಿಗಾಗುವಷ್ಟು ಹಾಳೆಗಳನ್ನು ಕೇಳಿ ಪಡೆಯುವುದು ಜಾಣತನ. ದಿನವೂ ನೆನಪಿಡುವುದು ಆಗದ ಮಾತು ಎನ್ನುವವರಿಗೆ ಬೇರೆ ದಾರಿಗಳಿವೆ: ಮೂರು ತಿಂಗಳಿಗೊಮ್ಮೆಯ ‘ಅಂತರಾ’ ಚುಚ್ಚುಮದ್ದು, ಹೆರಿಗೆಯಾದ 48 ಗಂಟೆಯೊಳಗೇ ಆಸ್ಪತ್ರೆಯಲ್ಲಿ ಹಾಕಿಸಿಕೊಳ್ಳಬಹುದಾದ ಕಾಪರ್-ಟಿ.

ಹೊಣೆ ಯಾರದು?

1930ರಲ್ಲಿಯೇ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆದು ಜಗತ್ತಿನ ಗಮನ ಸೆಳೆದಿತ್ತು. ಆಗ ರಾಯಚೂರು ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಇಂದು ರಾಯಚೂರು ನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ದೇವದುರ್ಗ, ಮಾನ್ವಿಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೇ ಗುಳಿಗೆ ತಲುಪಿಸುವ ಯೋಜನೆ 2011ರಲ್ಲಿ ಆರಂಭವಾಯಿತು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನೆಚ್ಚಿರುವುದು ಶಸ್ತ್ರಚಿಕಿತ್ಸೆಯನ್ನೇ. ಗುಳಿಗೆ ಬಳಸುವವರು ತೀರಾ ಕಡಿಮೆ. ಬೇಗ ಮದುವೆ, ಬೆನ್ನು ಬೆನ್ನಿಗೆ ಹೆರಿಗೆ, ಆಮೇಲೆ ಆಪರೇಷನ್ ಎಂಬ ದಾರಿಯಲ್ಲಿ ನಡುವಿನ ಬಿಡುವಿಗೆ ಜಾಗವೇ ಇಲ್ಲ.

ಬೆಂಕಿ ಬಿದ್ದಾಗ ಬಾವಿ ತೋಡುವುದರಿಂದ ಫಲವಿಲ್ಲ. ಹೆರಿಗೆಯಾದ ಆರನೇ ವಾರದಲ್ಲಿ ಕೂಸಿಗೆ ಲಸಿಕೆ ಹಾಕಿಸಲು ಹೋಗುವ ದಿನವೇ ತಾಯಿಯ ಗುಳಿಗೆಯ ಮಾತನ್ನೂ ಆಡಬಹುದು. ಅಳಿಯನೂ ಜತೆಗಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಕಾಂಡೋಮ್ ಬಳಸುವ ಹೊಣೆ ಅವನದು. ಇನ್ನು ಆ ಪಿಯುಸಿ ತಂಗಿ. ಪರೀಕ್ಷೆ ಮುಗಿಯುವವರೆಗೆ ಕಾಯದೆ ಆ ಪುಟವನ್ನು ಅಕ್ಕನಿಗೂ ಅವ್ವನಿಗೂ ಒಮ್ಮೆ ಓದಿ ಹೇಳಲಿ. ಓದುವ ಮಗಳ ಬಾಯಲ್ಲಿ ಇಂಥ ಮಾತು ಬಂದರೆ ಹೆತ್ತವರು ಗದರಿಸದೆ ಕೇಳಿಸಿಕೊಳ್ಳಲಿ. ಅದು ಹಿರಿಯ ಮಗಳ ಜೀವದ ಪ್ರಶ್ನೆ.