ಕಳೆದುಹೋದ ಮಗನ ಅನ್ವೇಷಣೆ

ಕೊಲೆಗಾರನ ಹೆಸರು ತಿಳಿದೊಡನೆ ಪತ್ತೇದಾರಿ ಪುಸ್ತಕವನ್ನು ಮುಚ್ಚಿಡುವುದು ವಾಚಕರ ರೂಢಿ. ಆದರೆ ಅಮೆರಿಕದ ರಾಸ್ ಮ್ಯಾಕ್‌ಡೊನಾಲ್ಡನ ಕಾದಂಬರಿಗಳಲ್ಲಿ ತಂದೆ ಮಗನಿಂದ ಏನನ್ನು ಮರೆಮಾಚಿದನು, ತಾಯಿ ಯಾವ ಭಯದಿಂದ ಬಾಯಿ ಬಿಡದೆ ಬಾಳಿದಳು ಎಂಬ ಪ್ರಶ್ನೆಗಳೇ ಕೊಲೆಗಿಂತಲೂ ಗಾಢವಾಗಿ ನಮ್ಮನ್ನು ಕಾಡುತ್ತವೆ. 1949ರಿಂದ 1976ರವರೆಗೆ ಅವನ 18 ಕಾದಂಬರಿಗಳಲ್ಲಿ ಸಂಚರಿಸಿದ ಖಾಸಗಿ ಪತ್ತೇದಾರ ಲ್ಯೂ ಆರ್ಚರನು ಹೆಂಡತಿಯಿಂದ ಅಗಲಿದ ಒಂಟಿ ಮನುಷ್ಯ. ಪರರ ಸಂಸಾರದ ಗುಟ್ಟುಗಳನ್ನು ತಾಳ್ಮೆಯಿಂದ ಕೇಳಿಸಿಕೊಳ್ಳುವುದೇ ಅವನ ನಿಜವಾದ ವೃತ್ತಿ.

ಮ್ಯಾಕ್‌ಡೊನಾಲ್ಡನೆಂಬುದು ಕಾವ್ಯನಾಮ. 1915ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ಕೆನೆತ್ ಮಿಲ್ಲರನನ್ನು ತಂದೆ ಶೈಶವದಲ್ಲಿಯೇ ತೊರೆದು ಹೋದನು. ಹೊಟ್ಟೆಗಿಲ್ಲದ ತಾಯಿ, ಆರು ವರ್ಷದ ಮಗನ ಕೈಹಿಡಿದು ಅನಾಥಾಲಯದ ಕಬ್ಬಿಣದ ಗೇಟಿನವರೆಗೂ ನಡೆದು, ಒಳಗೆ ಬಿಡಲು ಮನಸ್ಸೊಪ್ಪದೆ ಮರಳಿ ಕರೆತಂದಳು. ಹದಿನಾರು ವರ್ಷ ತುಂಬುವುದರೊಳಗೆ ತಾನು ವಾಸಿಸಿದ ಕೋಣೆಗಳನ್ನು ಮುಂದೊಮ್ಮೆ ಲೆಕ್ಕಹಾಕಿದಾಗ ಅವನಿಗೆ ಸಿಕ್ಕ ಮೊತ್ತ 50!

1959ರಲ್ಲಿ ಪ್ರಕಟವಾದ ‘ದಿ ಗಾಲ್ಟನ್ ಕೇಸ್’ ಈ ವ್ಯಥೆಯಿಂದಲೇ ಮೂಡಿದ ಕೃತಿ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಮನೆಬಿಟ್ಟು ಹೋದ ಮಗನನ್ನು ಹುಡುಕಿಸಬೇಕೆಂದು ಶ್ರೀಮಂತ ವೃದ್ಧೆಯೊಬ್ಬಳು ವಕೀಲನ ಮೂಲಕ ಆರ್ಚರನನ್ನು ನೇಮಿಸುತ್ತಾಳೆ. ಅವನಿಗೆ ದೊರೆಯುವುದು ನೆಲದಡಿಯಿಂದ ಹೊರಬಂದ, ತಲೆಯಿಲ್ಲದ ಅಸ್ಥಿಪಂಜರ. ಅದರೊಡನೆ, ತಾನೇ ಮೃತನ ಮಗನೆಂದು ಹೇಳಿಕೊಳ್ಳುವ ತರುಣ. ಆಸ್ತಿಯ ಆಸೆಗೆ ವಂಚಕರು ಪಾಠ ಹೇಳಿಕೊಟ್ಟು ಕಳುಹಿಸಿದ ಸೋಗಿನ ಮೊಮ್ಮಗನೆಂದು ಆರ್ಚರನು ಅವನ ಬೆನ್ನಟ್ಟಿ ಕೆನಡಾದ ಬಡ ವಸತಿಗೃಹವೊಂದನ್ನು ತಲುಪಿದಾಗ, ಪಾಠ ಹೇಳಿಕೊಟ್ಟದ್ದೂ ನಿಜ, ಆದರೂ ಹುಡುಗ ಆ ವಂಶದ ಕುಡಿಯೆಂಬುದೂ ನಿಜವೆಂದು ತಿಳಿದುಬರುತ್ತದೆ. ಗಂಡನನ್ನು ಕೊಂದವನೊಡನೆಯೇ ಆ ಹುಡುಗನ ತಾಯಿ ಅಷ್ಟು ವರ್ಷ ಬಾಳಿದ್ದು, ಮಗುವಿನ ಪ್ರಾಣ ಉಳಿಸಿಕೊಳ್ಳುವುದಕ್ಕಾಗಿ. ಅವಳ ಮೌನವನ್ನು ಅಪರಾಧವೆನ್ನಲು ನನಗೆ ಮನಸ್ಸು ಬಾರದು. ಆದರೆ ಮಗನು ತನ್ನ ಹುಟ್ಟನ್ನೇ ಅರಿಯದೆ ಬೆಳೆಯುವಂತಾದದ್ದು ಆ ಮೌನದಿಂದಲೇ. ಪತ್ತೇದಾರಿ ಕಥೆಯೊಂದು ಇಂತಹ ಸಂದಿಗ್ಧವನ್ನು ಹೊರಬಲ್ಲುದೆಂಬುದನ್ನು ಮ್ಯಾಕ್‌ಡೊನಾಲ್ಡನಷ್ಟು ಶ್ರದ್ಧೆಯಿಂದ ತೋರಿಸಿಕೊಟ್ಟವರು ವಿರಳ.

ಪುಸ್ತಕ ಹೊರಬಂದ ವರ್ಷವೇ ವಿದ್ಯಾರ್ಥಿನಿಯಾಗಿದ್ದ ಅವನ ಏಕಮಾತ್ರ ಪುತ್ರಿ ಕಾಲೇಜಿನಿಂದ ಕಾಣೆಯಾದಳು. ಮೂರು ವರ್ಷಗಳ ಹಿಂದೆ ಅವಳು ಓಡಿಸುತ್ತಿದ್ದ ಕಾರಿಗೆ ಸಿಲುಕಿ ಬಾಲಕನೊಬ್ಬನು ಸತ್ತಿದ್ದನು. ಆ ದುಃಖ ಮನೆಯವರನ್ನು ಬಿಟ್ಟಿರಲಿಲ್ಲ. ಪತ್ತೇದಾರನನ್ನು ಸೃಷ್ಟಿಸಿದವನು ಈಗ ಖಾಸಗಿ ಪತ್ತೇದಾರರನ್ನು ನೇಮಿಸಿ, ಪತ್ರಿಕೆಗಳ ಮೂಲಕ ಮಗಳಿಗೆ ಮೊರೆಯಿಟ್ಟು, ದಿನಗಟ್ಟಲೆ ಅಲೆದನು. ಕೊನೆಗೆ ಅವಳು ನೆವಾಡಾದ ರೀನೋ ನಗರದಲ್ಲಿ ಸಿಕ್ಕಳು. 1970ರಲ್ಲಿ, ಇನ್ನೂ ತರುಣಿಯಾಗಿರುವಾಗಲೇ, ತೀರಿಕೊಂಡಳು.

ಮರುವರ್ಷ ಬಂದ ‘ದಿ ಅಂಡರ್‌ಗ್ರೌಂಡ್ ಮ್ಯಾನ್’ ಕಾದಂಬರಿಯಲ್ಲಿ, ಬೆಟ್ಟವನ್ನೆಲ್ಲ ಸುಡುತ್ತಿರುವ ಕಾಳ್ಗಿಚ್ಚಿನ ನಡುವೆ ಆರ್ಚರನು ಒಬ್ಬ ಪುಟ್ಟ ಬಾಲಕನನ್ನು ಹುಡುಕುತ್ತಾನೆ. ಆ ಬಾಲಕನ ತಂದೆಯೋ, ಕಾಣೆಯಾದ ತನ್ನ ತಂದೆಯನ್ನು ಅರಸುತ್ತ ನೆಲ ಅಗೆಯುತ್ತಿದ್ದಾಗ ಹತನಾದವನು. ಕಥೆಗಾರ್ತಿ ಯುಡೋರಾ ವೆಲ್ಟಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಪುಸ್ತಕ ಪುರವಣಿಯ ಮುಖಪುಟದಲ್ಲಿಯೇ ಇದನ್ನು ವಿಮರ್ಶಿಸಿ ಮೆಚ್ಚಿದಾಗ, ಮನೋರಂಜನೆಯ ಸರಕೆಂದು ಬದಿಗಿಟ್ಟಿದ್ದ ಪ್ರಕಾರವನ್ನು ವಿದ್ವಾಂಸರೂ ಕೈಗೆತ್ತಿಕೊಂಡರು.