ಅಮಿನಿ ಪಕ್ಕದಲ್ಲೇ ಬಲಿತ ಚಂಡಮಾರುತ

ಮೇ ತಿಂಗಳಲ್ಲಿ ಹೂವಿನಹಡಗಲಿ ಕಡೆಯ ಮಲ್ಲಿಗೆ ತೋಟದವರಿಗೆ ಮೋಡ ಕಂಡರೆ ಆಗದು. ಹನಿ ಕೂತ ಮೊಗ್ಗು ಬೇಗ ಕಂದುತ್ತದೆ, ಮಾರುಕಟ್ಟೆಗೆ ಹೋದರೂ ರೇಟು ಸಿಗದು. ಬಿಸಿಲು ಸುಡಬೇಕಾದ ದಿನಗಳಲ್ಲಿ ಮುಗಿಲು ಕವಿದು ಜಿಟಿಜಿಟಿ ಹಿಡಿದರೆ, "ಸಮುದ್ರದಾಗ ಸೈಕ್ಲೋನ್ ಎದ್ದೈತಂತ" ಎಂಬ ಮಾತು ಹೊರಡುತ್ತದೆ. ಎಷ್ಟೋ ಸಲ ಅದು ನಿಜವೂ ಹೌದು. ಎದ್ದಿರುವುದು ಯಾವ ದಿಕ್ಕಿನಲ್ಲಿ ಎಂದು ತಿಳಿಯಲು ಗಾಳಿಗೆ ಬೆನ್ನು ಕೊಟ್ಟು ನಿಂತು ನೋಡಬಹುದು. ಭೂಮಿಯ ಉತ್ತರಾರ್ಧದಲ್ಲಿ ಚಂಡಮಾರುತದ ಸುಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ಹಾಗಾಗಿ ಅದರ ನಡುಭಾಗ ನಿಮ್ಮ ಎಡಗೈ ಕಡೆಗೆ, ತುಸು ಮುಂದಕ್ಕೆ ಇರುತ್ತದೆ. ಗುಡುಗು ಮಳೆಗೆ ಮುಂಚೆ ಏಳುವ ಧೂಳುಗಾಳಿಗೆ ಈ ಲೆಕ್ಕ ನಡೆಯದು, ದಿನವಿಡೀ ಒಂದೇ ಕಡೆಯಿಂದ ಬೀಸುವ ಗಾಳಿಗೆ ಮಾತ್ರ. ಗಾಳಿ ಆಗ್ನೇಯದಿಂದ ಬರುತ್ತಿದ್ದರೆ ಎಡಗೈ ನೈಋತ್ಯವನ್ನು ತೋರಿಸುತ್ತದೆ. ಹಡಗಲಿಯಿಂದ ಆ ದಿಕ್ಕಿಗೆ ಸುಮಾರು 550 ಕಿ.ಮೀ. ದೂರದಲ್ಲಿ ಲಕ್ಷದ್ವೀಪದ ಅಮಿನಿ ದ್ವೀಪವಿದೆ.

ಅಮಿನಿ ನಮಗೆ ತೀರಾ ಹೊರಗಿನದಲ್ಲ. ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದ ಹಡಗಲಿ ತಾಲ್ಲೂಕೂ ದಕ್ಷಿಣ ಕನ್ನಡಕ್ಕೆ ಸೇರಿದ್ದ ಅಮಿನಿ, ಕಡಮತ್, ಕಿಲ್ತಾನ್ ದ್ವೀಪಗಳೂ ಬ್ರಿಟಿಷರ ಕಾಲದಲ್ಲಿ ಒಂದೇ ಮದ್ರಾಸ್ ಪ್ರಾಂತದಲ್ಲಿದ್ದವು. ನಾವು 1953ರಲ್ಲಿ ಮೈಸೂರಿಗೆ ಸೇರಿದೆವು, ಅವು 1956ರಲ್ಲಿ ಕೇಂದ್ರಾಡಳಿತಕ್ಕೆ ಹೋದವು. ಸಿಮೆಂಟು, ತರಕಾರಿ ಹೊತ್ತ ಮಂಜಿ ದೋಣಿಗಳು ಇಂದಿಗೂ ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಹೊರಡುತ್ತವೆ.

2021ರ ಮೇ 14ರ ಬೆಳಿಗ್ಗೆ ಈ ದ್ವೀಪಗಳ ಆಸುಪಾಸಿನಲ್ಲೇ ಒಂದು ವಾಯುಭಾರ ಕುಸಿತ ಗಟ್ಟಿಯಾಯಿತು. ಆ ದಿನ ನಡುರಾತ್ರಿಯ ಹೊತ್ತಿಗೆ ಅದು ತೌಕ್ತೆ ಎಂಬ ಹೆಸರು ಪಡೆದ ಚಂಡಮಾರುತ. ನಮ್ಮ ಹವಾಮಾನ ಇಲಾಖೆ ಹೆಸರು ಕೊಡುವುದು ಗಾಳಿಯ ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದಾಗ. 118 ದಾಟಿದರೆ 'ಅತಿ ತೀವ್ರ'. ಅಟ್ಲಾಂಟಿಕ್‌ನವರು ಹರಿಕೇನ್ ಎನ್ನುವುದೂ ಹೆಚ್ಚುಕಡಿಮೆ ಇಲ್ಲಿಂದಲೇ. ತೌಕ್ತೆ ಆ ಗೆರೆಯನ್ನು 16ರ ನಸುಕಿನಲ್ಲಿ ದಾಟಿತು. 17ರಂದು ಅದರ ಗಾಳಿ 180 ಕಿ.ಮೀ. ಮೀರಿತ್ತು. ಗಾಳಿಯ ವೇಗ ಎರಡು ಪಟ್ಟಾದರೆ ಗೋಡೆ, ತೆಂಗಿನ ಮರಗಳ ಮೇಲೆ ಬೀಳುವ ಒತ್ತಡ ನಾಲ್ಕು ಪಟ್ಟಾಗುತ್ತದೆ.

ಮೂರು ದಿನದಲ್ಲಿ ಇಷ್ಟು ಕಸುವು ಎಲ್ಲಿಂದ ಬಂತು? ಮಣ್ಣಿನ ಗಡಿಗೆಯ ಮೈಯಿಂದ ನೀರು ಆರುವಾಗ ಒಳಗಿನ ನೀರು ತಣ್ಣಗಾಗುತ್ತದಲ್ಲ, ಆ ಕಾವು ಕಳೆದುಹೋಗುವುದಿಲ್ಲ, ಆವಿಯ ಜೊತೆ ಹೋಗುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಬೇಕಾದ ಕಾವಿನಲ್ಲಿ ಏಳು ಲೀಟರ್ ನೀರನ್ನು ಕುದಿಸುವ ಮಟ್ಟಕ್ಕೆ ತರಬಹುದು. ಸಮುದ್ರದಿಂದ ಎದ್ದ ಆವಿ ಮೇಲೆ ಹೋಗಿ ಮೋಡವಾಗುವಾಗ ಆ ಕಾವನ್ನೆಲ್ಲ ಅಲ್ಲೇ ಬಿಟ್ಟುಕೊಡುತ್ತದೆ. ಅಲ್ಲಿನ ಗಾಳಿ ಬಿಸಿಯಾಗಿ ಹಗುರಾಗುತ್ತದೆ, ಕೆಳಗಿನ ಒತ್ತಡ ಇನ್ನಷ್ಟು ಕುಸಿಯುತ್ತದೆ, ಸುತ್ತಲ ಗಾಳಿ ಇನ್ನೂ ಜೋರಾಗಿ ನುಗ್ಗುತ್ತದೆ. ಜೋರು ಗಾಳಿ ಅಂದರೆ ಇನ್ನಷ್ಟು ಆವಿ. ನೀರಿನ ಮೇಲ್ಮೈ 26.5 ಡಿಗ್ರಿ ಸೆಲ್ಸಿಯಸ್ಸಿಗಿಂತ ಬಿಸಿ ಇರುವಷ್ಟು ಕಾಲ ಈ ಚಕ್ರ ನಡೆದೀತು. ಮೇ ತಿಂಗಳ ಅರಬ್ಬಿ ಸಮುದ್ರ 30 ಡಿಗ್ರಿಯ ಮೇಲಿರುತ್ತದೆ.

ಬರೀ ಮೇಲ್ಮೈ ಬಿಸಿ ಇದ್ದರೆ ಸಾಲದು. ಬಿರುಗಾಳಿ ನೀರನ್ನು ಕಲಕಿ ಅಡಿಯ ತಣ್ಣೀರನ್ನು ಮೇಲಕ್ಕೆ ತರುತ್ತದೆ. ಬಿಸಿನೀರಿನ ಪದರ ತೆಳ್ಳಗಿದ್ದರೆ ಚಂಡಮಾರುತ ತನ್ನ ಒಲೆಯನ್ನು ತಾನೇ ಆರಿಸಿಕೊಂಡಂತೆ. 2019ರ ಸೆಪ್ಟೆಂಬರಿನಲ್ಲಿ ಗಂಟೆಗೆ 295 ಕಿ.ಮೀ. ಗಾಳಿಯೊಂದಿಗೆ ಬಹಾಮಾಸ್‌ಗೆ ಬಂದ ಡೋರಿಯನ್ ಎಂಬ ಹರಿಕೇನ್, ಗ್ರ್ಯಾಂಡ್ ಬಹಾಮಾ ದ್ವೀಪದ ಬಳಿ ಒಂದು ದಿನಕ್ಕೂ ಹೆಚ್ಚು ಹೊತ್ತು ನಿಂತುಬಿಟ್ಟಿತು. ಅದು ಸೊರಗಲು ಹೀಗೆ ಎದ್ದ ತಣ್ಣೀರೂ ಒಂದು ಕಾರಣ. ಅಷ್ಟರಲ್ಲಿ ದ್ವೀಪ ಹಾಳಾಗಿತ್ತು ಎನ್ನುವುದು ಬೇರೆ ಮಾತು.

ಇನ್ನೊಂದು ತಡೆ ನಮ್ಮ ಮುಂಗಾರೇ. ಜೂನ್ ಕಳೆದ ಮೇಲೆ ಕೆಳಗೆ ಪಶ್ಚಿಮದಿಂದ, ಎತ್ತರದಲ್ಲಿ ಪೂರ್ವದಿಂದ ಬಿರುಸಾಗಿ ಗಾಳಿ ಬೀಸುತ್ತದೆ. ಈ ಎಳೆದಾಟದಲ್ಲಿ ಮೋಡದ ಗೋಪುರ ನೆಟ್ಟಗೆ ನಿಲ್ಲಲಾರದು. ಅದಕ್ಕೇ ಅರಬ್ಬಿ ಸಮುದ್ರದ ಚಂಡಮಾರುತಗಳು ಹೆಚ್ಚಾಗಿ ಮುಂಗಾರಿನ ಮುಂಚೆ, ಇಲ್ಲವೇ ಅದು ಹಿಂದೆ ಸರಿದ ಮೇಲೆ ಬರುತ್ತವೆ.

ದ್ವೀಪ ಬಿರುಗಾಳಿಯನ್ನು ತಡೆಯುವುದಿಲ್ಲವೇ ಎಂದು ಕೇಳುವವರುಂಟು. ಲಕ್ಷದ್ವೀಪದ ಅಷ್ಟೂ ನೆಲ ಸೇರಿಸಿದರೆ 32 ಚದರ ಕಿ.ಮೀ., ಬಹುತೇಕ ಕಡೆ ಎತ್ತರ ಒಂದೆರಡು ಮೀಟರ್. ನೂರಾರು ಕಿ.ಮೀ. ಹರಡಿದ ಸುಳಿಗೆ ಅದು ಲೆಕ್ಕಕ್ಕೇ ಇಲ್ಲ. ಸುತ್ತ ಆಳ ಸಮುದ್ರ ಇರುವುದರಿಂದ, ಆಳವಿಲ್ಲದ ಕರಾವಳಿಯಲ್ಲಿ ಏಳುವಷ್ಟು ನೀರಿನ ಉಬ್ಬರ ಅಲ್ಲಿ ಏಳುವುದಿಲ್ಲ. ಆದರೆ ದೂರದಿಂದ ಬಂದ ಅಲೆ ಅಷ್ಟೂ ಬಲದೊಂದಿಗೆ ದ್ವೀಪದವರೆಗೆ ಬರುತ್ತದೆ. ಅದನ್ನು ಮುರಿಯುವುದು ಹೊರಗಿನ ಹವಳದ ದಿಬ್ಬ. ಹವಳ ಸತ್ತು ಸವೆದ ಕಡೆ ಅಲೆ ಒಳಗೆ ಬರುತ್ತದೆ.

ತೌಕ್ತೆ 17ರ ರಾತ್ರಿ ದಿಯು ಬಳಿ ನೆಲ ಮುಟ್ಟಿತು. ಗುಜರಾತಿನವರಿಗೆ ತಯಾರಾಗಲು ದಿನಗಳಿದ್ದವು, ಅಮಿನಿಯವರಿಗೆ ಅಷ್ಟಿರಲಿಲ್ಲ. ನಮ್ಮ ಕರಾವಳಿಗೂ ಸಮಯ ಕಡಿಮೆಯೇ ಇತ್ತು. ಕಾಪು ಬಳಿ ಬಂಡೆಗೆ ಸಿಕ್ಕ ಟಗ್ಗಿನಿಂದ 9 ಮಂದಿಯನ್ನು ತಟರಕ್ಷಕ ದಳ ಮತ್ತು ನೌಕಾಪಡೆ ಪಾರು ಮಾಡಿದವು. ಹಿಂದೆಯೂ ಹೀಗೇ ಆಗಿತ್ತು: 2017ರ ನವೆಂಬರ್ 30ರಂದು ಓಖಿ ಚಂಡಮಾರುತ ಎದ್ದಾಗ ಕೇರಳ, ತಮಿಳುನಾಡಿನ ಮೀನುಗಾರರು ಆಗಲೇ ಕಡಲಲ್ಲಿದ್ದರು.

ಚಂಡಮಾರುತದ ದಾರಿಯನ್ನು ಈಗ ಚೆನ್ನಾಗಿಯೇ ಹೇಳುತ್ತಾರೆ. ಅದು ಎಷ್ಟು ಬಲಿಯುತ್ತದೆ ಎಂದು ಹೇಳುವುದೇ ಕಷ್ಟ. ಗಾಳಿಯ ವೇಗ ಒಂದೇ ದಿನದಲ್ಲಿ 55 ಕಿ.ಮೀ. ಏರಿದ ಉದಾಹರಣೆಗಳು ಬೇಕಾದಷ್ಟಿವೆ. ಅಮೆರಿಕದವರು ಹರಿಕೇನ್ ಒಳಕ್ಕೇ ವಿಮಾನ ನುಗ್ಗಿಸಿ ಅಳೆಯುತ್ತಾರೆ. ನಮ್ಮಲ್ಲಿ ಹೆಚ್ಚಿನ ಕೆಲಸ ಉಪಗ್ರಹದ ಚಿತ್ರದಲ್ಲಿ ಮೋಡದ ಸುತ್ತು ನೋಡಿ ಅಂದಾಜು ಮಾಡುವುದು. ನೀರಿನಡಿಯ ಕಾವನ್ನು ತಿಳಿಸುವುದು ಆರ್ಗೊ ಎಂಬ ತೇಲುಯಂತ್ರ. ಇದು 2000 ಮೀಟರ್ ಆಳಕ್ಕಿಳಿದು, ಏರುತ್ತಾ ಉಷ್ಣತೆ ಅಳೆದು, ಮೇಲೆ ಬಂದು ಉಪಗ್ರಹಕ್ಕೆ ವರದಿ ಕಳಿಸಿ ಮತ್ತೆ ಮುಳುಗುತ್ತದೆ. ನಮ್ಮ ದೇಶದ ಪಾಲಿನ ಯಂತ್ರಗಳನ್ನು ನೋಡಿಕೊಳ್ಳುವುದು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ. ಇಂಥ ಒಂದು ಯಂತ್ರ ಸಾಮಾನ್ಯವಾಗಿ ಮೇಲಕ್ಕೆ ಬರುವುದು 10 ದಿನಕ್ಕೊಮ್ಮೆ. ತೌಕ್ತೆಯ ಇಡೀ ಕಡಲಯಾನ ನಾಲ್ಕು ದಿನದಲ್ಲಿ ಮುಗಿದಿತ್ತು.